ಏನದಕ್ಕನೂ ಒಣಗಬಾರದ ಬಣ್ಣವೂ

ಗೋಡೆಗೆ ಬಣ್ಣ ಬಳಿಯುವುದೇ ಕಸುಬಾಗಿದ್ದ ಆ ಹೆಂಗಸಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಅದು ಗುರುತಿನ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಊರಿಗೆಲ್ಲ ಅವಳು ಏನದಕ್ಕ. ಮಾತು ಬರುವ ವಯಸ್ಸಿನಲ್ಲಿ ಬೇರೆ ಮಕ್ಕಳು ಅಮ್ಮ ಅಂದರೆ ಇವಳು ಅಪ್ಪನ ಹೆಗಲ ಮೇಲೆ ಕೂತು, ಕಂಡದ್ದಕ್ಕೆಲ್ಲ ಬೆರಳು ತೋರಿಸಿ "ಏನದು?" ಅಂದಿದ್ದಳಂತೆ. ವಯಸ್ಸು ಐವತ್ತಮೂರಾದರೂ ಆ ಚಾಳಿ ಬಿಟ್ಟಿರಲಿಲ್ಲ. ಯಾರದಾದರೂ ಮನೆಗೆ ಬಣ್ಣ ಹೊಡೆಯಲು ಹೋದರೆ, ಆ ಮನೆಯ ಯಾವ ಬಿರುಕು ಯಾವ ವರ್ಷ ಬಿಟ್ಟಿತು, ಬೀರುವಿನ ಹಿಂದಿನ ಗೋಡೆಗೆ ಮಾತ್ರ ಬೇರೆ ಬಣ್ಣ ಯಾಕೆ, ಅತ್ತೆಯ ಕೋಣೆಯ ಬಾಗಿಲಿಗೆ ಹೊರಗಿನಿಂದಲೂ ಚಿಲಕ ಯಾಕೆ, ಎಲ್ಲವನ್ನೂ ಸಂಜೆಯೊಳಗೆ ತಿಳಿದುಕೊಂಡೇ ಏಣಿ ಇಳಿಯುತ್ತಿದ್ದಳು. ಹಾಗಂತ ಒಬ್ಬರ ಮನೆ ವಿಷಯ ಇನ್ನೊಬ್ಬರ ಮನೆಗೆ ದಾಟಿಸಿದವಳಲ್ಲ. ತಿಳಿದದ್ದು ಹೊಟ್ಟೆಯಲ್ಲೇ ಉಳಿಯುತ್ತಿತ್ತು. ತಿಳಿಯದೆ ಹೋದರೆ ಮಾತ್ರ ಆ ಹೊಟ್ಟೆಗೆ ಅನ್ನ ಸೇರುತ್ತಿರಲಿಲ್ಲ.

ಕಸುಬಿನಲ್ಲಿ ಅವಳ ಹೆಚ್ಚುಗಾರಿಕೆ ಒಂದೇ. ಹತ್ತು ವರ್ಷ ಬಿಸಿಲು ತಿಂದ ಗೋಡೆಯಲ್ಲಿ ಅಂಗೈಯಗಲ ಗಾರೆ ಉದುರಿದೆ ಅನ್ನಿ. ಬೇರೆಯವರು ಇಡೀ ಗೋಡೆಗೇ ಹೊಸ ಬಣ್ಣ ಹೊಡೆಯಬೇಕು ಅನ್ನುತ್ತಿದ್ದರು. ಏನದಕ್ಕ ಅಷ್ಟೇ ಜಾಗಕ್ಕೆ ಗಾರೆ ಮೆತ್ತಿ, ಬಿಳಿಗೆ ಚೂರು ಹಳದಿ, ಚಿಟಿಕೆ ಕಪ್ಪು, ಸಾಸಿವೆಯಷ್ಟು ಕೆಂಪು ಸೇರಿಸಿ ಕಲಕಿ ಹಚ್ಚಿಬಿಡುತ್ತಿದ್ದಳು. ಮಾರನೆಯ ದಿನ ತೇಪೆ ಎಲ್ಲಿದೆ ಎಂದು ಮನೆಯವರೇ ಹುಡುಕಬೇಕು. "ಕಣ್ಣಿಗೆ ಕಂಡ ಬಣ್ಣ ಕೈಗೆ ಸಿಗಲ್ಲ ಅನ್ನೋದು ಸುಳ್ಳು" ಅಂತ ಅವಳು ಆಗಾಗ ಹೇಳುವುದಿತ್ತು. ಅದರಲ್ಲಿ ಸ್ವಲ್ಪ ಜಂಬವೂ ಇತ್ತು.

ಅವಳ ಅಣ್ಣನ ಮಗಳು ಶಾಲೆಯಲ್ಲಿ ಟೀಚರು. ಒಂದು ಭಾನುವಾರ ಬೆಳಿಗ್ಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ವಿಷಯಕ್ಕೆ ಬಂದಳು.

"ಅತ್ತೆ, ನಮ್ಮ ಶಾಲೆಗೆ ಗಿರಣಿ ಮಕ್ಕಳು ಬರ್ತಿದಾರಲ್ಲ, ಅವರಿಗೆ ಅಂತ ಒಂದು ರೂಮು ಕೊಟ್ಟಿದಾರೆ. ಮುರಿದ ಬೆಂಚು ತುಂಬಿದ್ದ ರೂಮು, ಖಾಲಿ ಮಾಡಿಸಿದೀವಿ. ಅದರ ಉದ್ದದ ಗೋಡೆ ಮೇಲೆ ಆ ಮಕ್ಕಳ ಕೈಯಲ್ಲೇ ಒಂದು ದೊಡ್ಡ ಚಿತ್ರ ಬರೆಸ್ಬೇಕು ಅಂತ ನನಗೆ ಆಸೆ. ನೀನು ಬರ್ಬೇಕು."

"ಚಿತ್ರಕ್ಕೂ ನನಗೂ ಏನೇ ಸಂಬಂಧ? ಮಕ್ಕಳು ಗೋಡೆ ಮೇಲೆ ಬರೆದಿದ್ದನ್ನ ಅಳಿಸೋದು ನನ್ನ ಕೆಲಸ. ನಲವತ್ತು ವರ್ಷದಿಂದ ಅದನ್ನೇ ಮಾಡ್ಕೊಂಡು ಬಂದಿದೀನಿ."

"ಚಿತ್ರ ಅವರು ಬರೀತಾರೆ. ನಿನಗೆ ಗೋಡೆ ಗೊತ್ತು, ಬಣ್ಣ ಗೊತ್ತು. ಅಷ್ಟು ಸಾಕು."

ಏನದಕ್ಕನ ಗಂಡ ಬಸ್ ಕಂಡಕ್ಟರ್ ಆಗಿ ನಿವೃತ್ತನಾದವನು. ಟಿಕೆಟ್ ಹರಿದು ಹರಿದು ಮಾತನ್ನೂ ಒಂದೊಂದೇ ಹರಿದು ಕೊಡುವ ಅಭ್ಯಾಸ ಅವನಿಗೆ. ಪೇಪರಿನ ಹಿಂದಿನಿಂದಲೇ ಅಂದ: "ಹೋಗು. ಹೋಗದಿದ್ರೆ ಅಲ್ಲೇನಾಯ್ತು, ಅಲ್ಲೇನಾಯ್ತು ಅಂತ ನನ್ನ ಪ್ರಾಣ ತೆಗೀತೀಯ."

ಅದೂ ನಿಜವೇ. ಗಡಿಯಾಚೆ ಯುದ್ಧ ಹತ್ತಿಕೊಂಡು, ಐದು ತಿಂಗಳ ಹಿಂದೆ ಲಾರಿಗಟ್ಟಲೆ ಜನ ಬಂದು ಊರಾಚೆಯ ಮುಚ್ಚಿದ ನೂಲಿನ ಗಿರಣಿಯಲ್ಲಿ ಇಳಿದಿದ್ದರು. ಗಿರಣಿಯ ಉದ್ದುದ್ದ ಶೆಡ್ಡುಗಳಲ್ಲಿ ಹಗ್ಗ ಕಟ್ಟಿ, ಹಗ್ಗಕ್ಕೆ ಹೊದಿಕೆ ಇಳಿಬಿಟ್ಟು, ಒಂದೊಂದು ಸಂಸಾರಕ್ಕೆ ಒಂದೊಂದು ಮನೆ ಅಂತ ಮಾಡಿಕೊಂಡಿದ್ದರು. ಏನದಕ್ಕ ಆ ದಾರಿಯ ಬಸ್ಸಿನಲ್ಲಿ ಹೋಗುವಾಗಲೆಲ್ಲ ಕಿಟಕಿಯಿಂದ ಕತ್ತು ಹೊರಗೆ ಹಾಕಿ ನೋಡುತ್ತಿದ್ದಳು. ಹೊದಿಕೆಗಳ ಬಣ್ಣ ಬಿಟ್ಟು ಬೇರೇನೂ ಕಂಡಿರಲಿಲ್ಲ. ಅವರ ಭಾಷೆ ಯಾರಿಗೂ ಗೊತ್ತಿರಲಿಲ್ಲ. ಕೇಳುವ ಚಟದವಳಿಗೆ ಕೇಳಲು ಮಾತೇ ಇಲ್ಲದ ಜನ!

ಸೋಮವಾರ ಮಧ್ಯಾಹ್ನ ಏಣಿ, ಬಕೆಟ್ಟು, ಉಪ್ಪುಕಾಗದ, ಕೆರೆಯುವ ತಗಡು ಎಲ್ಲ ಹೊತ್ತುಕೊಂಡು ಅವಳು ಶಾಲೆಗೆ ಹೋದಳು. ರೂಮಿನ ನಟ್ಟನಡುವೆ ಇಪ್ಪತ್ತೆರಡು ಮಕ್ಕಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಆರು ವರ್ಷದಿಂದ ಹಿಡಿದು ಹನ್ನೊಂದರವರೆಗಿನವು. ಸುತ್ತಲೂ ಅಷ್ಟು ಜಾಗವಿದ್ದರೂ ಯಾವೊಂದೂ ಗೋಡೆಯ ಹತ್ತಿರ ಸುಳಿಯಲೊಲ್ಲದು.

"ಯಾಕೆ ಹೀಗೆ ನಿಂತಿವೆ ಇವು, ಮಳೆಗೆ ಸಿಕ್ಕ ಕುರಿ ಹಾಗೆ?" ಅಂದಳು.

"ಗಿರಣಿ ಗೋಡೆ ಮುಟ್ಟಿದ್ರೆ ಸುಣ್ಣ ಉದುರತ್ತೆ ಅತ್ತೆ. ಕಾವಲುಗಾರ ಮುಟ್ಬೇಡಿ, ಮುಟ್ಬೇಡಿ ಅಂತ ಬೈತಾನೇ ಇರ್ತಾನೆ. ಅದೇ ರೂಢಿ ಆಗಿದೆ."

ಏನದಕ್ಕ ಚೀಲದಿಂದ ಕೆರೆಯುವ ತಗಡುಗಳನ್ನು ತೆಗೆದು, ಒಂದನ್ನು ತಾನು ಹಿಡಿದು ಗೋಡೆಯ ಮೇಲೆ ಕರ್ರ್ ಎಂದು ಎಳೆದಳು. ಹಳೆಯ ಬಣ್ಣ ಒಂದು ಮೊಳದಷ್ಟು ಸುರುಳಿ ಸುತ್ತಿಕೊಂಡು ನೆಲಕ್ಕೆ ಬಿತ್ತು. ಮಕ್ಕಳು ಬಾಗಿಲ ಕಡೆ ನೋಡಿದವು, ಬೈಯಲು ಯಾರಾದರೂ ಬಂದರೇನೋ ಎಂದು. ಯಾರೂ ಬರಲಿಲ್ಲ. ಅವಳು ಉಳಿದ ತಗಡುಗಳನ್ನು ಮುಂದಕ್ಕೆ ಚಾಚಿದಳು.

ಹಾಳು ಮಾಡಿ ಅಂತ ದೊಡ್ಡವರೇ ಹೇಳಿದರೆ ಯಾವ ಮಗು ಸುಮ್ಮನಿರುತ್ತದೆ? ಐದೇ ನಿಮಿಷದಲ್ಲಿ ಗೋಡೆಗೆ ಇಪ್ಪತ್ತೆರಡೂ ಮಕ್ಕಳು ಮುತ್ತಿಕೊಂಡವು. ತಗಡು ಸಿಗದವು ಉಗುರಿನಿಂದ ಕೆರೆದವು. ಕೆನೆ ಬಣ್ಣದ ಕೆಳಗೆ ತಿಳಿಹಸಿರು ಬಂತು, ಹಸಿರಿನ ಕೆಳಗೆ ಗುಲಾಬಿ, ಗುಲಾಬಿಯ ಕೆಳಗೆ ಮತ್ತೆ ಹಸಿರು. ಒಂದೊಂದು ಪದರ ಬಂದಾಗಲೂ ಏನದಕ್ಕ ತನ್ನ ಸ್ವಭಾವದಂತೆ "ಏನದು?" ಅನ್ನುವಳು. ಮೂರನೆಯ ಸಲಕ್ಕೆ ಹಿಂದಿನಿಂದ ಒಂದು ಕೀರಲು ದನಿ "ಏನದು?" ಅಂದಿತು. ನಾಲ್ಕನೆಯ ಸಲ ಐದಾರು ದನಿಗಳು. ಏಳು ಪದರಗಳ ಕೆಳಗೆ ಸುಣ್ಣದ ಮೇಲೆ ಯಾವ ಕಾಲದಲ್ಲೋ ಯಾರೋ ಪೆನ್ಸಿಲಿನಲ್ಲಿ ಬರೆದ ಎತ್ತಿನ ಗಾಡಿಯೊಂದು ಕಾಣಿಸಿಕೊಂಡಾಗ ಇಡೀ ರೂಮೇ "ಏನದೂ!" ಎಂದು ಕೂಗಿತು. ಪಕ್ಕದ ತರಗತಿಯ ಮೇಷ್ಟ್ರು ಓಡಿಬಂದು ಇಣುಕಿದರು. ಆ ಮಕ್ಕಳು ಈ ನೆಲದ ಭಾಷೆಯಲ್ಲಿ ಕಲಿತ ಮೊದಲ ಮಾತು ಅದು. ಟೀಚರಮ್ಮ ಐದು ವಾರದಿಂದ ನಮಸ್ಕಾರ ಅನ್ನಿಸಲು ಹೆಣಗುತ್ತಿದ್ದಳು.

ಎರಡು ದಿನ ಕೆರೆದು, ಉಪ್ಪುಕಾಗದ ತಿಕ್ಕಿ, ಪ್ರೈಮರ್ ಬಳಿದದ್ದಾಯಿತು. ಮೂರನೆಯ ದಿನ ಟೀಚರು ಮಕ್ಕಳಿಗೆ ಹಾಳೆ ಕೊಟ್ಟು ಬೇಕಾದ್ದು ಬರೆಯಿರಿ ಅಂತ ಸನ್ನೆ ಮಾಡಿದಳು. ಮಕ್ಕಳು ಆಡು ಬರೆದವು, ಸೈಕಲ್ಲು ಬರೆದವು, ನೀರಿನ ಟ್ಯಾಂಕು, ಕುರ್ಚಿಯಲ್ಲಿ ಕೂತ ತಾತ, ಲಾರಿ, ಮತ್ತೆ ಲಾರಿ. ಹಾಳೆಯಲ್ಲಿ ಎಲ್ಲವೂ ಚೆನ್ನಾಗಿದ್ದವು. ಆದರೆ ಅವನ್ನು ಒಂದೇ ಗೋಡೆಯ ಮೇಲೆ ಹೇಗೆ ಕೂರಿಸುವುದು ಎಂಬುದು ಟೀಚರಿಗೂ ಹೊಳೆಯಲಿಲ್ಲ. ಆಡಿನ ಮೇಲೆ ಟ್ಯಾಂಕು, ಟ್ಯಾಂಕಿನ ಮೇಲೆ ತಾತ ಅಂತ ಇಟ್ಟರೆ ಸಾಮಾನಿನ ಗೋದಾಮಿನಂತೆ ಕಾಣುತ್ತಿತ್ತು.

ಒಬ್ಬ ಹುಡುಗಿ ಮಾತ್ರ ಹಾಳೆಯನ್ನು ಮುಟ್ಟಲೇ ಇಲ್ಲ. ಒಂಬತ್ತು ವರ್ಷವಿರಬಹುದು. ಏನು ಕೇಳಿದರೂ ನಾಲಿಗೆ ಲೊಚಗುಟ್ಟಿ ಗದ್ದ ಮೇಲೆತ್ತುತ್ತಿದ್ದಳು. ಅದು ಅವರ ಕಡೆ ಬೇಡ ಎನ್ನುವ ರೀತಿಯಂತೆ. ಏನದಕ್ಕ ಅವಳಿಗೆ ಊಹೂಂ ಅಂತಲೇ ಹೆಸರಿಟ್ಟಳು. ಈ ಊಹೂಂ ಬಣ್ಣದ ಡಬ್ಬಿಗಳ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದೊಂದನ್ನೇ ಇಣುಕಿ ನೋಡಿ, ಎಲ್ಲಕ್ಕೂ ಲೊಚಗುಟ್ಟಿದಳು. ಏನದಕ್ಕ ಶೇಡ್ ಕಾರ್ಡ್ ತೆಗೆದು ಕೈಗಿಟ್ಟಳು. ಅದರಲ್ಲಿ ಇನ್ನೂರು ಚಿಲ್ಲರೆ ಬಣ್ಣದ ಚೌಕಗಳು. ಹುಡುಗಿ ಅಷ್ಟರ ಮೇಲೂ ಬೆರಳಾಡಿಸಿ, ಬೂದಿಗೂ ಹಸಿರಿಗೂ ನಡುವಿನ ಒಂದು ಗೆರೆಯ ಮೇಲೆ ಬೆರಳು ನಿಲ್ಲಿಸಿ ಏನದಕ್ಕನ ಮುಖ ನೋಡಿದಳು. ಬಣ್ಣಗಳ ಮೇಲಲ್ಲ, ಎರಡು ಬಣ್ಣಗಳ ನಡುವಿನ ಬಿಳಿ ಗೆರೆಯ ಮೇಲೆ.

"ಇವೆರಡರ ಮಧ್ಯದ್ದಾ? ಅಷ್ಟೇ ತಾನೇ!" ಏನದಕ್ಕನಿಗೆ ಉಮೇದು ಬಂತು. ಇದು ಅವಳ ಕಸುಬು. ಬೂದಿಗೆ ಹಸಿರು, ಹಸಿರಿಗೆ ಚೂರು ನೀಲಿ, ತುಸು ಕಂದು ಬೆರೆಸಿ, ಪಾಚಿಗಟ್ಟಿದ ಕಲ್ಲಿನ ಬಣ್ಣಕ್ಕೆ ತಂದು, ಗೋಡೆಯ ಕೆಳಗೆ ಒಂದು ಪಟ್ಟಿ ಎಳೆದಳು. ಹುಡುಗಿಯ ಕಣ್ಣು ಅರಳಿತು. ಮೊದಲ ಬಾರಿಗೆ ಅವಳು ತಲೆಯನ್ನು ಕೆಳಕ್ಕೆ ಆಡಿಸಿದಳು.

ಮಾರನೆಯ ದಿನ ಬಂದು ನೋಡಿ, ಮತ್ತೆ ಲೊಚಗುಟ್ಟಿ ಗದ್ದ ಎತ್ತಿದಳು.

"ನಿನ್ನೆ ಹೌದು ಅಂದಿದ್ದೆಯಲ್ಲೇ!"

ಒಣಗಿದ ಮೇಲೆ ಗೋಡೆಯ ಡಿಸ್ಟೆಂಪರ್ ಬಣ್ಣ ಒಂದು ಸುತ್ತು ತಿಳಿಯಾಗುತ್ತದೆ ಎಂಬುದು ಏನದಕ್ಕನಿಗೆ ಯಾರೂ ಹೇಳಿಕೊಡಬೇಕಾದ್ದಲ್ಲ. ಹುಡುಗಿ ನೋಡಿದ್ದು ಹಸಿ ಬಣ್ಣ. ಸರಿ, ಹಾಗಾದರೆ ಒಣಗಿದ ಮೇಲೆ ಆ ಹಸಿ ಬಣ್ಣದಷ್ಟೇ ಗಾಢವಾಗಿ ಉಳಿಯುವಂತೆ ಕಪ್ಪು ಹೆಚ್ಚಿಸಿ ಮತ್ತೆ ಹಚ್ಚಿದಳು. ಶುಕ್ರವಾರ ಅದು ಒಣಗಿತು. ಪಕ್ಕದಲ್ಲಿ ಮೊದಲು ಬೆರೆಸಿದ ಬಣ್ಣವನ್ನು ಹಸಿಯಾಗಿ ಒಂದು ಗೆರೆ ಎಳೆದು ಹೋಲಿಸಿ ನೋಡಿದಳು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಹುಡುಗಿ ಬಂದಳು, ನೋಡಿದಳು, ಲೊಚಗುಟ್ಟಿದಳು. ಅದೂ ಬೇಜಾರಿನಿಂದ, ಇಷ್ಟು ದೊಡ್ಡ ಹೆಂಗಸಿಗೆ ಇಷ್ಟೂ ತಿಳಿಯುವುದಿಲ್ಲವಲ್ಲ ಅನ್ನುವ ಹಾಗೆ.

ಏನದಕ್ಕನ ತಲೆಗೆ ಹುಳ ಬಿಟ್ಟಂತಾಯಿತು. ಮನೆಗೆ ಬಂದವಳು ತಟ್ಟೆಯ ಮುಂದೆ ಕೂತು ಅನ್ನ ಕಲಸಿದ್ದೇ ಕಲಸಿದ್ದು.

"ಬಣ್ಣ ಅದೇ. ನನ್ನ ಕಣ್ಣು ಸುಳ್ಳು ಹೇಳಲ್ಲ. ಅವಳ ಕಣ್ಣೂ ಸುಳ್ಳು ಹೇಳ್ತಿಲ್ಲ. ಹಾಗಾದ್ರೆ ಹಸಿಯಾಗಿದ್ದಾಗ ಇದ್ದದ್ದು, ಒಣಗಿದ ಮೇಲೆ ಇಲ್ಲದ್ದು ಏನದು?"

"ಹಸಿ" ಅಂದ ಗಂಡ.

"ತಮಾಷೆ ಮಾಡ್ಬೇಡಿ."

"ನಾನೆಲ್ಲಿ ತಮಾಷೆ ಮಾಡ್ದೆ?"

ಸೋಮವಾರ ಉಳಿದ ಮಕ್ಕಳು ಇನ್ನೂ ಬರುವ ಮೊದಲೇ ಊಹೂಂ ಬಂದಿದ್ದಳು. ಏನದಕ್ಕ ಬಾಗಿಲಲ್ಲೇ ನಿಂತು ಅವಳನ್ನು ಗಮನಿಸಿದಳು. ಹುಡುಗಿ ಬ್ರಷ್ ತೊಳೆಯುವ ಬಕೆಟ್ಟಿನಲ್ಲಿ ಬಟ್ಟೆ ಅದ್ದಿ, ಹಿಂಡಿ, ಒಣಗಿದ ಪಟ್ಟಿಯ ಮೇಲೆ ಉದ್ದಕ್ಕೆ ಒರೆಸಿದಳು. ಪಟ್ಟಿ ತೇವವಾಗಿ ಮಿನುಗಿತು. ಎದುರಿನ ಕಿಟಕಿಯ ಬೆಳಕು ಅದರೊಳಗೆ ಒಂದು ಬಿಳಿಯ ಚೌಕವಾಗಿ ಬಿತ್ತು. ಹುಡುಗಿ ಆ ಚೌಕದ ಅಂಚನ್ನೇ ಬೆರಳಿನಿಂದ ತಿದ್ದಿದಳು. ನೀರು ಆರುತ್ತ ಬಂದಂತೆ ಚೌಕ ಮಾಸಿತು. ಅವಳು ಮತ್ತೆ ಬಟ್ಟೆ ಅದ್ದಿದಳು.

ಗಂಡ ಹೇಳಿದ್ದೇ ಸರಿ! ಅವಳಿಗೆ ಬೇಕಾಗಿದ್ದು ಬಣ್ಣದ ಗಾಢತೆಯಲ್ಲ, ತೇವ. ಒಣಗದೆ ಇರುವ ಬಣ್ಣ.

ಡಿಸ್ಟೆಂಪರಿನ ಮೇಲೆ ವಾರ್ನಿಷ್ ಹೊಡೆಯುವುದು ಕಸುಬಿನಲ್ಲಿ ಯಾರೂ ಮಾಡದ ಕೆಲಸ. ಗೋಡೆ ಅದನ್ನು ಕುಡಿದುಬಿಡುತ್ತದೆ. ಕಸುಬು ಕಲಿಸಿದ ಅಪ್ಪ ಇದ್ದಿದ್ದರೆ ಬ್ರಷ್ಷಿನ ಹಿಡಿಯಿಂದ ತಲೆಗೆ ಮೊಟಕುತ್ತಿದ್ದ. ಏನದಕ್ಕ ಬಾಗಿಲುಗಳಿಗೆ ಹೊಡೆಯುವ ಬಣ್ಣವಿಲ್ಲದ ವಾರ್ನಿಷ್ ತಂದು, ಮೊದಲು ತೆಳ್ಳಗೆ ಒಂದು ಕೋಟು ಕುಡಿಸಿ, ಅದು ಆರಿದ ಮೇಲೆ ಇನ್ನೊಂದು, ಮಾರನೆಯ ದಿನ ಮತ್ತೊಂದು ಹೊಡೆದಳು. ಬುಧವಾರ ಮಧ್ಯಾಹ್ನ ಪಟ್ಟಿ ಮುಟ್ಟಿದರೆ ಒಣಗಿತ್ತು, ನೋಡಿದರೆ ಈಗಷ್ಟೇ ನೀರು ಬಿದ್ದಂತಿತ್ತು. ಕಿಟಕಿಯ ಚೌಕ ಅದರೊಳಗೆ ನಿಂತೇ ಇತ್ತು.

ಊಹೂಂ ಬಂದು ನೋಡಿದಳು. ತಲೆ ಆಡಿಸಲಿಲ್ಲ, ಲೊಚಗುಟ್ಟಲೂ ಇಲ್ಲ. ಎರಡು ಹೆಜ್ಜೆ ಹಿಂದೆ ಸರಿದು, ಚಪ್ಪಲಿ ಬಿಟ್ಟು, ಪಕ್ಕಕ್ಕೆ ಜೋಡಿಸಿಟ್ಟಳು.

"ಏನದು, ಮಗಾ?" ಏನದಕ್ಕ ಮೆಲ್ಲಗೆ ಕೇಳಿದಳು. ಆ ಮಾತಂತೂ ಹುಡುಗಿಗೆ ಅರ್ಥವಾಗುತ್ತಿತ್ತು. ಅವಳು ಕುಕ್ಕರುಗಾಲಲ್ಲಿ ಕೂತು, ಕೈಯಲ್ಲಿ ಇಲ್ಲದ ಬಟ್ಟೆಯನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಎಳೆಯುತ್ತ, ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿಯುತ್ತ ಬಾಗಿಲವರೆಗೆ ಹೋದಳು. ಹೊಸ್ತಿಲು ದಾಟಿ ಎದ್ದು ನಿಂತು, ಒಳಕ್ಕೆ ನೋಡಿದಳು.

ಒರೆಸಿದ ನೆಲ! ಏನದಕ್ಕನಿಗೆ ನಗು ಬಂತು. ಒಂದು ವಾರ ತಾನು ಗೋಡೆಯ ಬಣ್ಣಕ್ಕಾಗಿ ತಲೆ ಕೆರೆದುಕೊಂಡದ್ದು, ಅವಳು ಕೇಳಿದ್ದು ನೆಲದ ಬಣ್ಣ. ಆದರೆ ಒಂದು ಗಂಟು ಬಿಚ್ಚಿದರೆ ಇನ್ನೊಂದು. ಮನೆಯಲ್ಲಿ ನೆನಪಿಡಲು ಅಷ್ಟೆಲ್ಲ ಇರುವಾಗ ಒರೆಸಿದ ನೆಲವೇ ಯಾಕೆ?

ಅದು ತಿಳಿಯಲು ಶುಕ್ರವಾರದವರೆಗೆ ಕಾಯಬೇಕಾಯಿತು. ಗಿರಣಿಯ ಜನರ ಪೈಕಿಯೇ ಒಬ್ಬ ಕ್ಷೌರಿಕನಿದ್ದ. ಅವರ ಊರಿನಲ್ಲಿ ದೊಡ್ಡ ರಸ್ತೆಯ ಪಕ್ಕ ಅಂಗಡಿ ಇಟ್ಟುಕೊಂಡು, ದಾರಿಹೋಕ ಲಾರಿಯವರ ಗಡ್ಡ ಕೆರೆಯುತ್ತ ಹರಟಿ ಹರಟಿ ಮೂರು ಭಾಷೆ ಕಲಿತವನು, ಅದರಲ್ಲಿ ಈ ಊರಿನದೂ ಒಂದು. ವಾರಕ್ಕೊಮ್ಮೆ ಶಾಲೆಗೆ ಬಂದು ಮಕ್ಕಳ ಕೂದಲೂ ಕತ್ತರಿಸುತ್ತಿದ್ದ, ಟೀಚರಿಗೂ ಮಕ್ಕಳಿಗೂ ನಡುವೆ ಮಾತೂ ದಾಟಿಸುತ್ತಿದ್ದ. ಅವನ ಮೂಲಕ ಹೇಳಿಕಳಿಸಿ ಊಹೂಂಳ ತಾಯಿಯನ್ನೂ ಕರೆಸಿದರು.

ತಾಯಿ ಸಣಕಲು ಹೆಂಗಸು; ತೋಳು ಮಾತ್ರ ಗಟ್ಟಿ. ಬಂದವಳೇ ಗೋಡೆಯ ಮುಂದೆ ನಿಂತಳು. ಅಳುತ್ತಾಳೇನೋ ಎಂದು ಟೀಚರು ಗಾಬರಿಯಿಂದ ಕುರ್ಚಿ ತಂದಳು. ತಾಯಿ ಬಗ್ಗಿ, ಪಟ್ಟಿಯ ಎಡತುದಿಗೆ ಬೆರಳಿಟ್ಟು ಏನೋ ಅಂದಳು. ಕ್ಷೌರಿಕ ನಕ್ಕುಬಿಟ್ಟ.

"ಮೂಲೇಲಿ ಸರಿಯಾಗಿ ಒರೆಸಿಲ್ಲ ಅಂತಾಳೆ."

ಏನದಕ್ಕ ನೋಡಿದಳು. ಹೌದು, ಮೂಲೆಯಲ್ಲಿ ವಾರ್ನಿಷ್ ಒಂದು ಕೋಟು ಕಮ್ಮಿಯಾಗಿತ್ತು. ಆ ಕ್ಷಣವೇ ಅವಳಿಗೆ ಆ ಹೆಂಗಸಿನ ಮೇಲೆ ಒಂದು ಬಗೆಯ ಗೌರವ ಹುಟ್ಟಿತು.

"ಮನೆ ನೆಲ ಇದೇ ಬಣ್ಣ ಇತ್ತಾ ಕೇಳಪ್ಪ. ಹುಡುಗಿ ಇದನ್ನೇ ಯಾಕೆ ಹಿಡಿದು ಕೂತಿದಾಳೆ ಅದನ್ನೂ ಕೇಳು."

ತಾಯಿ ಹೇಳುತ್ತ ಹೋದಳು, ಕ್ಷೌರಿಕ ಕೂದಲು ಕತ್ತರಿಸುವ ಹಾಗೆ ತುಂಡು ತುಂಡಾಗಿ ದಾಟಿಸಿದ.

"ಗಾರೆ ನೆಲ, ಬಣ್ಣದ ಪುಡಿ ಹಾಕಿ ಇವಳೇ ತಿಕ್ಕಿ ಮಾಡಿದ್ದಂತೆ... ಹೊರಡೋ ದಿನ ಬೆಳಿಗ್ಗೆ ಅರ್ಧ ಒರೆಸಿದ್ಲಂತೆ, ಅಷ್ಟರಲ್ಲಿ ಲಾರಿ ಬಂತು. ಹಾರ್ನ್ ಮೇಲೆ ಹಾರ್ನ್. ಇವಳು ಉಳಿದ ಅರ್ಧ ಒರೆಸ್ತಾ ಇದ್ಲಂತೆ."

"ಲಾರಿ ಕಾಯ್ತಿರೋವಾಗಲಾ?" ಟೀಚರು ಬೆರಗಾಗಿ ಕೇಳಿದಳು.

ಆ ಪ್ರಶ್ನೆ ದಾಟಿಹೋದಾಗ ತಾಯಿ ಟೀಚರನ್ನು ಮೇಲಿಂದ ಕೆಳಗೆ ನೋಡಿ, ಇದೂ ಒಂದು ಕೇಳುವ ಮಾತೇ ಅನ್ನುವ ಧಾಟಿಯಲ್ಲಿ ಉತ್ತರಿಸಿದಳು.

"ಅರ್ಧ ಒರೆಸಿದ ನೆಲ ಬಿಟ್ಟು ಬರೋಕಾಗತ್ತಾ? ನಾಳೆ ಯಾರಾದ್ರೂ ಬಾಗಿಲು ತೆಗೆದು ನೋಡಿದ್ರೆ ಈ ಮನೆ ಹೆಂಗಸು ಎಂಥವಳು ಅಂದ್ಕೋಬೇಕು, ಅಂತಾಳೆ."

ಏನದಕ್ಕ ಮಾತ್ರ ಹೌದು ಹೌದು ಅಂತ ತಲೆಯಾಡಿಸಿದಳು. ಅವಳಿಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ.

"ಹುಡುಗಿ ಹೊಸ್ತಿಲಲ್ಲಿ ನಿಂತಿದ್ಲು. ಒಳಗೆ ಹೋಗ್ಬೇಕು ಅಂತ ಹಟ. ನೆಲ ಒಣಗೋವರೆಗೂ ಕಾಲಿಡಬೇಡ, ಹೆಜ್ಜೆ ಗುರುತು ಮೂಡತ್ತೆ ಅಂದ್ಲಂತೆ ಇವಳು. ಒಣಗ್ಲಿಲ್ಲ. ಲಾರಿ ಹೊರಡ್ತು."

ಕೇಳದೆ ಇರಲು ಏನದಕ್ಕನಿಂದಾಗಲಿಲ್ಲ.

"ಒಳಗೆ ಏನಿತ್ತು?"

ಕ್ಷೌರಿಕ ಹುಡುಗಿಯನ್ನೇ ಕೇಳಿದ. ಅವಳು ತಗ್ಗಿದ ದನಿಯಲ್ಲಿ ಎರಡು ಮಾತು ಹೇಳಿದಳು. ತಾಯಿ ಹಣೆ ಚಚ್ಚಿಕೊಂಡಳು.

"ಸೇಬು. ಕಿಟಕಿ ಮೇಲೆ ಅರ್ಧ ತಿಂದು ಇಟ್ಟಿದ್ದ ಸೇಬು. ಇಷ್ಟು ದಿನ ಆದ್ರೂ ಆ ಅರ್ಧ ಹಣ್ಣಿನ ಚಿಂತೆ ಬಿಟ್ಟಿಲ್ಲ ಇವಳು, ಅಂತ ತಾಯಿ ಬೈತಿದಾಳೆ. ಲಾರೀಲಿ ಎರಡು ದಿನ ಅದಕ್ಕೇ ಅತ್ತಳಂತೆ. ಮನೆ ಹೋಯ್ತು ಅಂತಲ್ಲ, ಸೇಬು ಹೋಯ್ತು ಅಂತ!"

ತಾಯಿ ಬೈಯುತ್ತಲೇ ನಕ್ಕಳು, ನಗುತ್ತಲೇ ಮಗಳ ಬೈತಲೆ ಸರಿಮಾಡಿದಳು. ಏನದಕ್ಕ ಹುಡುಗಿಯ ಮುಂದೆ ಕೂತು, ಗಂಭೀರವಾಗಿ ಎರಡು ಕೈಯಲ್ಲಿ ಸೇಬಿನ ಆಕಾರ ಮಾಡಿ ತೋರಿಸಿ, ಯಾವ ಕಡೆ ಕಚ್ಚಿದ್ದೆ ಎಂದು ಸನ್ನೆಯಲ್ಲಿ ಕೇಳಿದಳು. ಹುಡುಗಿ ಯೋಚಿಸಿ, ಎಡಗಡೆ ತೋರಿಸಿದಳು. ಕಿಟಕಿ ಎಷ್ಟು ಎತ್ತರ? ಅದನ್ನೂ ತೋರಿಸಿದಳು. ಸರಿ, ಬ್ರಷ್ ಅವಳ ಕೈಗೆ ಹೋಯಿತು. ಅಂದು ಸಂಜೆಯೊಳಗೆ ಪಟ್ಟಿಯ ಮೇಲೆ ಒಂದು ಕಿಟಕಿ, ಕಿಟಕಿಯ ಕಟ್ಟೆಯ ಮೇಲೆ ಎಡಗಡೆ ಕಚ್ಚಿದ ಒಂದು ಸೇಬು ಬಂತು. ಸೇಬು ಕುಂಬಳಕಾಯಿಯಷ್ಟು ದೊಡ್ಡದಾಗಿತ್ತು. ಯಾರೂ ತಕರಾರು ಮಾಡಲಿಲ್ಲ.

ಚಿತ್ರ ಕೂಡಿಬಂದದ್ದು ಅಲ್ಲಿಂದ. ಸೋಮವಾರ ಮಕ್ಕಳೆಲ್ಲ ಆ ನೆಲವನ್ನು ನೋಡಿದವು. ಅದು ಊಹೂಂಳ ಮನೆಯದು ಅಂತ ಅವಕ್ಕೆ ಹೇಗೋ ತಿಳಿದುಹೋಗಿತ್ತು. ಒಬ್ಬ ಬಂದು ತನ್ನ ಆಡನ್ನು ಆ ನೆಲದ ಮೇಲೆ ನಿಲ್ಲಿಸಬಹುದೇ ಎಂದು ಅವಳನ್ನು ಕೇಳಿದ. ಅವಳು ಆಡಿನ ಚಿತ್ರವನ್ನು ಪರೀಕ್ಷಿಸಿ, ಅದರ ಕಾಲು ನೋಡಿ, ಒಪ್ಪಿದಳು. ಆಮೇಲೆ ಸೈಕಲ್ಲು ಬಂತು, ತಾತನ ಕುರ್ಚಿ ಬಂತು, ಟ್ಯಾಂಕು ಬಂತು. ನೆಲದ ಪಟ್ಟಿ ಗೋಡೆಯ ಈ ತುದಿಯಿಂದ ಆ ತುದಿಗೆ ಹರಿಯಿತು. ಇಷ್ಟು ದಿನ ಎಲ್ಲಿಡುವುದು ಎಂದು ತಿಳಿಯದೆ ಹಾಳೆಯಲ್ಲೇ ಉಳಿದಿದ್ದ ಸಾಮಾನುಗಳಿಗೆಲ್ಲ ನಿಲ್ಲಲು ಒಂದು ನೆಲ ಸಿಕ್ಕಿತು.

ಆಗ ಏನದಕ್ಕನಿಗೆ ಹೊಸ ತೊಡಕು ಕಂಡಿತು. ಒದ್ದೆ ನೆಲದ ಮೇಲೆ ಆಡು ನಿಂತರೆ, ನೆಲದೊಳಗೂ ಒಂದು ಆಡು ಕಾಣಬೇಕಲ್ಲವೇ? ಅವಳು ಶಾಲೆಯ ವರಾಂಡಕ್ಕೆ ಒಂದು ಬಕೆಟ್ ನೀರು ಸುರಿದು, ಅದರ ಮೇಲೆ ಕುರ್ಚಿ ಇಟ್ಟು ಮಕ್ಕಳನ್ನು ಕರೆದಳು. ಇಪ್ಪತ್ತೆರಡು ಮಕ್ಕಳು, ಟೀಚರು, ಏನದಕ್ಕ ಎಲ್ಲರೂ ಮಂಡಿಯೂರಿ, ಕೆನ್ನೆ ನೆಲಕ್ಕೆ ತಾಗಿಸುವಷ್ಟು ಬಗ್ಗಿ ತಲೆಕೆಳಗಾದ ಕುರ್ಚಿಯನ್ನು ನೋಡಿದರು. ದೂರದಲ್ಲಿರುವ ಕಾಲು ಗಿಡ್ಡ, ಹತ್ತಿರದ್ದು ಉದ್ದ. ಬಣ್ಣ ಸ್ವಲ್ಪ ಮಂಕು. ಗಾಳಿ ಬಂದರೆ ನಡುಕ. ನಲವತ್ತು ವರ್ಷ ಗೋಡೆ ನೋಡಿದವಳು ಇದನ್ನು ಒಮ್ಮೆಯೂ ನೋಡಿರಲಿಲ್ಲ. ಮಕ್ಕಳಂತೂ ತಲೆಕೆಳಗಾಗಿ ಬರೆಯುವುದು ಹೇಗೆಂದು ತಾವೇ ದಾರಿ ಕಂಡುಕೊಂಡವು. ಒಬ್ಬಳು ಗೋಡೆಗೆ ಬೆನ್ನು ಮಾಡಿ, ಕಾಲುಗಳ ನಡುವಿನಿಂದ ತಲೆ ತೂರಿಸಿ, ಬಗ್ಗಿಕೊಂಡೇ ತಾತನ ಪ್ರತಿಬಿಂಬ ಬರೆದಳು. ರಕ್ತವೆಲ್ಲ ಮುಖಕ್ಕಿಳಿದು ಟೊಮೆಟೊ ಹಣ್ಣಾಗಿದ್ದಳು. ಆದರೆ ಮೀಸೆ ಮಾತ್ರ ಮೇಲಿನ ತಾತನದಕ್ಕಿಂತ ಕೆಳಗಿನ ತಾತನದೇ ಚೆನ್ನಾಗಿ ಬಂತು.

ಮುಖ್ಯೋಪಾಧ್ಯಾಯಿನಿ, ಮಕ್ಕಳ ಬಾಯಲ್ಲಿ ದೊಡ್ಡ ಮೇಡಂ, ಒಂದು ದಿನ ನೋಡಲು ಬಂದರು. ಸೂರ್ಯ, ಕಾಮನಬಿಲ್ಲು, ಕೈ ಕೈ ಹಿಡಿದ ಮಕ್ಕಳು, ಮೇಲೊಂದು ಸುಸ್ವಾಗತ ಇರುತ್ತದೆ ಎಂದುಕೊಂಡಿದ್ದರು ಅವರು. ಗೋಡೆಯುದ್ದಕ್ಕೂ ಹರಡಿದ ಬೂದುಹಸಿರು ನೆಲ ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು.

"ಏನಮ್ಮ ಇದು, ನೆಲಾನ ಗೋಡೆಗೆ ಹತ್ತಿಸಿದೀರಲ್ಲ!"

ಟೀಚರು ಮುಜುಗರದಿಂದ ವಿವರಿಸಲು ಹೊರಟಳು. ಏನದಕ್ಕ ಅವಳನ್ನು ತಡೆದು ತಾನೇ ಹೇಳಿದಳು. ಲಾರಿ, ಅರ್ಧ ಒರೆಸಿದ ನೆಲ, ಸೇಬು ಎಲ್ಲ. ದೊಡ್ಡ ಮೇಡಂ ಪೂರ್ತಿ ಕೇಳಿಸಿಕೊಂಡರು. ಹತ್ತಿರ ಹೋಗಿ ಸೇಬನ್ನು ನೋಡಿದರು.

"ಇರ್ಲಿ ಬಿಡಿ. ಆದ್ರೂ ಒಂದು ಸೂರ್ಯ ಇದ್ದಿದ್ರೆ..."

ಕ್ಷೌರಿಕ ಇರಲಿಲ್ಲ, ಟೀಚರು ಕೈಯಲ್ಲೇ ಸೂರ್ಯನನ್ನು ಮಾಡಿ ತೋರಿಸಿ ಮಕ್ಕಳನ್ನು ಕೇಳಿದಳು. ಮಕ್ಕಳಲ್ಲಿ ದೊಡ್ಡ ಚರ್ಚೆಯೇ ಆಯಿತು. ಮನೆಯೊಳಗೆ ಸೂರ್ಯ ಹೇಗೆ ಬರುತ್ತಾನೆ? ಕೊನೆಗೆ ಊಹೂಂ ಎದ್ದು, ಹಳದಿಗೆ ಬಿಳಿ ಬೆರೆಸಿ, ತನ್ನ ಕಿಟಕಿಯ ಕೆಳಗೆ ನೆಲದ ಮೇಲೆ ಬಿಸಿಲಿನ ಒಂದು ಓರೆ ಚೌಕ ಬಳಿದಳು. ಆಡಿನ ಮುಂಗಾಲುಗಳೆರಡೂ ಅದರೊಳಗೆ ಬಂದವು. ಮೇಡಂಗೆ ಸಮಾಧಾನವಾಯಿತು. ಸುಸ್ವಾಗತದ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ಚಿತ್ರ ಮುಗಿದು ಒಂದು ತಿಂಗಳಾಗಿರಬಹುದು. ಏನದಕ್ಕ ಒಂದು ಬೆಳಿಗ್ಗೆ ಗಿರಣಿಯ ಬಾಗಿಲಿಗೆ ಹೋಗಿ ಊಹೂಂಳ ತಾಯಿಯನ್ನು ಕರೆಸಿದಳು. ಊರಿನಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದವರೊಬ್ಬರು ಬಣ್ಣದ ಗಾರೆ ನೆಲ ಬೇಕೆಂದಿದ್ದರು. ಅಂಥ ನೆಲ ತಿಕ್ಕುವವರು ಈಗ ಸಿಗುವುದಿಲ್ಲ. ಅಂಗೈಯನ್ನು ನೆಲದ ಮೇಲೆ ಉಜ್ಜಿ ತೋರಿಸಿ, "ಬರ್ತೀಯಾ?" ಅಂದಳು. ಆ ಹೆಂಗಸು ಒಳಗೆ ಹೋಗಿ, ತಲೆಗೆ ಬಟ್ಟೆ ಬಿಗಿದುಕೊಂಡು, ಐದು ನಿಮಿಷದಲ್ಲಿ ಹೊರಗೆ ಬಂದಳು.

ಹೀಗೆ ಶುರುವಾದ ಜೋಡಿ ಮೂರು ವರ್ಷವಾದರೂ ಮುರಿಯಲಿಲ್ಲ. ಗೋಡೆ ಏನದಕ್ಕನದು, ನೆಲ ಅವಳದು. ಅಷ್ಟರಲ್ಲಿ ಗಿರಣಿಯ ಅರ್ಧ ಜನ ಬೇರೆ ಊರುಗಳಿಗೆ ಚದುರಿದರು. ಕ್ಷೌರಿಕ ಪೇಟೆಯಲ್ಲಿ ಅಂಗಡಿ ಇಟ್ಟ. ತಾಯಿ ಮಗಳು ಏನದಕ್ಕನ ಮನೆಯ ಹಿಂದಿನ ಓಣಿಯಲ್ಲಿ ಒಂದು ಕೋಣೆ ಹಿಡಿದರು. ಊಹೂಂ ಈಗ ದೊಡ್ಡ ತರಗತಿ. ಮಾತಿನಲ್ಲಿ ಅವಳನ್ನು ಸೋಲಿಸುವವರಿಲ್ಲ, ಆದರೂ ಹೆಸರು ಬದಲಾಗಲಿಲ್ಲ. ತಾಯಿಗೂ ಭಾಷೆ ಹರಿದುಬಂತು, ಕೆಲಸಕ್ಕೆ ಬೇಕಾದಷ್ಟು, ಜಗಳಕ್ಕೆ ಸಾಲುವಷ್ಟು.

ಜಗಳ ಬರುತ್ತಿದ್ದದ್ದೂ ಬಣ್ಣದ ವಿಷಯಕ್ಕೇ. ನೀಲಿ ಡಬ್ಬಿ ಕೊಡು ಅಂದರೆ ಅವಳು ಹಸಿರು ಡಬ್ಬಿ ಎತ್ತಿ ಕೊಡುತ್ತಿದ್ದಳು. ಕೇಳಿದರೆ, ಅವರ ಭಾಷೆಯಲ್ಲಿ ಎರಡಕ್ಕೂ ಒಂದೇ ಹೆಸರಂತೆ. ಏನದಕ್ಕನಿಗೆ ಇದು ಎಲ್ಲಕ್ಕಿಂತ ದೊಡ್ಡ ಸೋಜಿಗ. ಒಂದು ದಿನ ಕೆಲಸಕ್ಕೆ ಹೋದ ಮನೆಯಲ್ಲಿ ಏಣಿಯ ಮೇಲಿಂದಲೇ ಕೇಳಿದಳು.

"ಅಲ್ಲ ಕಣೇ, ಆಕಾಶದ ಬಣ್ಣ, ಎಲೆ ಬಣ್ಣ, ಎರಡೂ ಒಂದೇ ಆಗೋದು ಹೇಗೆ? ನಿಮ್ಮ ಊರಲ್ಲಿ ಯಾರಿಗೂ ಕಣ್ಣಿಲ್ವಾ?"

ತಾಯಿ ನೆಲ ತಿಕ್ಕುವುದನ್ನು ನಿಲ್ಲಿಸಿ, ಸೊಂಟಕ್ಕೆ ಕೈ ಕೊಟ್ಟು ಎದ್ದು ನಿಂತಳು.

"ನಿಮಗೆ ಕಣ್ಣಿದ್ಯಾ ಅಕ್ಕ? ಮೊನ್ನೆ ಈ ಮನೆಯಮ್ಮ ಏನಂದ್ರು? ಸೊಸೆ ಕೆಂಪಗಿದಾಳೆ, ಕೆಂಪಗಿದಾಳೆ ಅಂದ್ರು. ನಾನು ಓಡಿ ಹೋಗಿ ನೋಡ್ದೆ. ಇಟ್ಟಿಗೆ ಕೆಂಪು, ಮೆಣಸಿನಕಾಯಿ ಕೆಂಪು. ಆ ಹುಡುಗಿ ಎಲ್ಲಿ ಕೆಂಪು? ಬೆಳ್ಳಗಿದಾಳೆ!"

ಹುಟ್ಟಿದಾಗಿನಿಂದ ಹೇಳಿಕೊಂಡು ಬಂದ ಮಾತು, ಅದರ ವಿಚಿತ್ರ ಏನದಕ್ಕನಿಗೆ ಒಮ್ಮೆಯೂ ಹೊಳೆದಿರಲಿಲ್ಲ. ಅವಳು ಏಣಿಯ ಮೇಲೇ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಒಳಗಿನಿಂದ ಏನಾಯಿತೋ ಎಂದು ನೋಡಲು ಬಂದ ಸೊಸೆಯನ್ನು ಇಬ್ಬರೂ ಸೇರಿ ಬೆಳಕಿಗೆ ನಿಲ್ಲಿಸಿ, ಕೈಯ ಪಕ್ಕದಲ್ಲಿ ಶೇಡ್ ಕಾರ್ಡ್ ಹಿಡಿದು, ಅವಳು ನಿಜಕ್ಕೂ ಯಾವ ಬಣ್ಣ ಎಂದು ಒಂದೊಂದೇ ಚೌಕ ಇಟ್ಟು ನೋಡತೊಡಗಿದರು.